ಅಪ್‌ಡೇಟ್: ಪುಣೆಯಿಂದ ಆಂಬೋಲಿ ಘಾಟ್ ಮೇಲೆ ಪಣಜಿಗೆ, ದಾರಿ ಸರಿಹೋಯಿತು

ಅಪ್ಪ ಅಮ್ಮನ ಜೊತೆ ಪುಣೆಯಿಂದ ಪಣಜಿಗೆ ಕಾರಲ್ಲಿ ಹೋಗಲು ಕಂಪ್ಯೂಟರ್‌ನಲ್ಲಿ ದಾರಿ ಹುಡುಕುವ ಸಾಫ್ಟ್‌ವೇರ್ ಬಳಸಿ ದಾರಿ ಹಾಕಿದ್ದೆ. ಕೊಲ್ಹಾಪುರ ದಾಟಿದ ಮೇಲೆ ಅದು ಸುಮ್ನೆ ಮುಂದೆ ಹೋಗಿ ವಾಪಸ್ ಬರುತ್ತೆ, ಯಾಕೆ ಅಂತ ಹೋದ ತಿಂಗಳು ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್. ಹೋಗಿ ಬಂದೆವು!

ನೀವು ಹೇಳಿದ್ದೇ ಸರಿ. ಊಟಕ್ಕೆ ಅಂತ ನಾನು ಇಟ್ಟ ಪಾಯಿಂಟ್ ಹೆದ್ದಾರಿಯ ಎದುರು ಬದಿಯಲ್ಲಿ ಕೂತಿತ್ತು. ಆ ಸಾಫ್ಟ್‌ವೇರ್ ಬಳಸುವ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ (ಜನರೇ ಸೇರಿ ಮಾಡುವ ಉಚಿತ ಮ್ಯಾಪ್) ಡಿವೈಡರ್ ಇರುವ ರಸ್ತೆಗೆ ಎರಡು ಗೆರೆ, ಎರಡೂ ಒನ್‌ವೇ. ಹಾಗಾಗಿ ಆ ಪಾಯಿಂಟ್ ಮುಟ್ಟಲು ಸಾಫ್ಟ್‌ವೇರ್ ಯೂ-ಟರ್ನ್ ಹುಡುಕಿಕೊಂಡು ಹೋಗುತ್ತಿತ್ತು. ಪೂರ್ತಿ ಝೂಮ್ ಮಾಡಿ ಪಾಯಿಂಟನ್ನು ನಮ್ಮ ಬದಿಗೆ ಎಳೆದೆ. ಅಷ್ಟೇ, ಸುತ್ತು ಮಾಯ. ಆಮೇಲೆ ಆಂಬೋಲಿ ದಾರಿಯಲ್ಲೇ ಹೋಗಲಿ ಅಂತ ಆ ದಾರಿಯ ಊರುಗಳಾದ ಗಡಹಿಂಗ್ಲಜ್, ಆಜರಾ ಎರಡೂ ಕಡೆ ಪಾಯಿಂಟ್ ಇಟ್ಟೆ. ಇಲ್ಲದಿದ್ದರೆ ಅದು ಬೇಗ ಮುಟ್ಟುವ ದಾರಿಯನ್ನೇ ಹಿಡಿಯುತ್ತೆ, ಅಲ್ವಾ?

ಸಮಯದ ಲೆಕ್ಕ ಮಾತ್ರ ನಂಬಬೇಡಿ. ಎಷ್ಟೋ ಕಡೆ ರಸ್ತೆಯ ದರ್ಜೆ ನೋಡಿ ವೇಗ ಊಹಿಸುತ್ತದೆ. ಘಾಟ್‌ನ ತಿರುವು, ಮಂಜು, ಮುಂದಿನ ಲಾರಿ ಯಾವುದೂ ಆ ಲೆಕ್ಕದಲ್ಲಿ ಇರುವುದಿಲ್ಲ. ನಾನು ಒಂದೂವರೆ ಗಂಟೆ ಜಾಸ್ತಿ ಇಟ್ಟುಕೊಂಡಿದ್ದೆ, ಪೂರ್ತಿ ಬೇಕಾಯಿತು.

ಇನ್ನೊಂದು ಮಾತು. ಫೋನಿಗೆ ಹಾಕುವಾಗ ಬರೀ ಪಾಯಿಂಟ್‌ಗಳನ್ನಲ್ಲ, ದಾರಿಯ ಇಡೀ ಗೆರೆಯನ್ನು ಜಿಪಿಎಕ್ಸ್ ಟ್ರ್ಯಾಕ್ (ಮ್ಯಾಪ್ ಆಪ್‌ಗಳು ಓದುವ ಫೈಲ್) ಆಗಿ ಉಳಿಸಿ. ಬರೀ ಪಾಯಿಂಟ್ ಕೊಟ್ಟರೆ ಫೋನು ತನ್ನದೇ ದಾರಿ ಹೊಸದಾಗಿ ಹುಡುಕುತ್ತೆ. ಫೋನಿನ ಓಸ್ಮ್‌ಆಂಡ್ ಅನ್ನೋ ಮ್ಯಾಪ್ ಆಪ್‌ನಲ್ಲಿ ಮ್ಯಾಪ್ ಮೊದಲೇ ಇಳಿಸಿಕೊಂಡಿದ್ದೆ, ಘಾಟ್‌ನಲ್ಲಿ ನೆಟ್‌ವರ್ಕ್ ಹೋದರೂ ದಾರಿ ಕಾಣುತ್ತಿತ್ತು.

ಗಡಹಿಂಗ್ಲಜ್‌ನಲ್ಲಿ ಚಹಾ ಅಂಗಡಿಯವರು ಅಪ್ಪನ ಜೊತೆ ಕನ್ನಡದಲ್ಲೇ ಮಾತಾಡಿದರು. ಅಲ್ಲೇ ಅರ್ಧ ಗಂಟೆ ಹೋಯಿತು. ಬರುವಾಗಲೂ ಅದೇ ದಾರಿ ಬೇಕು ಅಂದರು ಅಪ್ಪ.