ಪ್ರಶ್ನೋತ್ತರ: ಆಪ್ ಒಳಗಿಂದಲೇ ಫೋರ್ಟ್ರಾನ್ ಸಾಲು ಓಡಿಸಬಹುದಾ?

ಪ್ರಶ್ನೆ (ಕುಮಟಾದಿಂದ): ನಮಸ್ಕಾರ ಮೇಡಂ. ಅಘನಾಶಿನಿ ಹಿನ್ನೀರಿನ ಗಜನಿ (ಉಪ್ಪುನೀರು ನುಗ್ಗುವ) ಗದ್ದೆಯವರಿಗಾಗಿ ಉಬ್ಬರ-ಇಳಿತದ ಹೊತ್ತು ತೋರಿಸುವ ಆಪ್ ಮಾಡುತ್ತಿದ್ದೇನೆ. ಕಗ್ಗ ಭತ್ತ ಬೆಳೆಯುವವರಿಗೆ ನೀರಿನ ಬಾಗಿಲು ಯಾವಾಗ ಹಾಕಬೇಕು ಅಂತ ಗೊತ್ತಾಗಬೇಕು. ಆಪ್ ಸಿ ಪ್ಲಸ್ ಪ್ಲಸ್‌ನಲ್ಲಿದೆ, ಲೆಕ್ಕದ ಭಾಗ ಫೋರ್ಟ್ರಾನ್ ಅನ್ನುವ ಹಳೇ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ. ಸೂತ್ರ ತಿದ್ದಿದಾಗಲೆಲ್ಲ ಕಂಪೈಲ್ ಮಾಡಿ, ಆಪ್ ಮುಚ್ಚಿ ತೆರೆಯಬೇಕು. ಆಪ್‌ನಲ್ಲೇ ಒಂದು ಬಾಕ್ಸ್ ಇಟ್ಟು ಫೋರ್ಟ್ರಾನ್ ಸಾಲು ಬರೆದು ಉತ್ತರ ನೋಡಬಹುದಾ?

ಉತ್ತರ (ಕಾರವಾರದಿಂದ): ಖಂಡಿತ ಆಗುತ್ತದೆ. ಎಲ್‌ಫೋರ್ಟ್ರಾನ್ ನೋಡಿ, ಸಾಲು ಸಾಲಾಗಿಯೂ ಓಡಿಸಬಲ್ಲ ಫೋರ್ಟ್ರಾನ್ ಕಂಪೈಲರ್ ಅದು. ಸಾಲು ಕೊಟ್ಟ ಕೂಡಲೇ ಎಲ್‌ಎಲ್‌ವಿಎಂ ಅನ್ನುವ ಕಂಪೈಲರ್ ಸಾಧನದ ಮೂಲಕ ಮೆಷಿನ್ ಕೋಡ್ ಮಾಡಿ ಓಡಿಸುತ್ತದೆ. ಹಿಂದಿನ ಸಾಲಿನ ವೇರಿಯಬಲ್‌ಗಳು ಮುಂದಿನ ಸಾಲಿಗೂ ಸಿಗುತ್ತವೆ. ನಿಮಗೆ ಬೇಕಾದದ್ದು ಇದೇ ಅಲ್ವಾ?

ಆದರೆ ಅದನ್ನು ಆಪ್‌ನ ಹೊಟ್ಟೆಯೊಳಗೇ ಕೂರಿಸಬೇಡಿ. ಬೇರೆ ಪ್ರೋಸೆಸ್ (ತಾನಾಗಿ ಓಡುವ ಪ್ರೋಗ್ರಾಂ) ಆಗಿ ಶುರು ಮಾಡಿ, ಎರಡನ್ನೂ ಜೋಡಿಸುವ ಪೈಪ್ ಮೂಲಕ ಸಾಲು ಕಳಿಸಿ, ಉತ್ತರ ಓದಿಕೊಳ್ಳಿ. ಕಾರಣ ಇದು: ಹಳೇ ಫೋರ್ಟ್ರಾನ್‌ನಲ್ಲಿ ತಪ್ಪು ಕಂಡಲ್ಲೆಲ್ಲ ‘ಸ್ಟಾಪ್’ ಬರೆದಿರುತ್ತಾರೆ. ಆ ಸ್ಟಾಪ್ ಇಡೀ ಪ್ರೋಗ್ರಾಂ ಅನ್ನೇ ನಿಲ್ಲಿಸುತ್ತದೆ. ಒಂದೇ ಪ್ರೋಸೆಸ್ ಆದರೆ ನಿಮ್ಮ ಕಿಟಕಿ, ಸೇವ್ ಮಾಡದ ಡೇಟಾ ಎಲ್ಲ ಹೋಯಿತು. ಬೇರೆ ಇದ್ದರೆ ಅದೊಂದೇ ಸಾಯುತ್ತದೆ, ಮತ್ತೆ ಎಬ್ಬಿಸಿದರಾಯಿತು.

ಪ್ರತಿ ಸಲ ಕೊನೆಯಲ್ಲಿ ಒಂದು ಗುರುತಿನ ಸಾಲು ಪ್ರಿಂಟ್ ಮಾಡಿಸಿ. ಅದು ಬಂದರೆ ಉತ್ತರ ಮುಗಿಯಿತು ಅಂತ ಆಪ್‌ಗೆ ಗೊತ್ತಾಗುತ್ತದೆ. ಲೂಪ್ ಮುಗಿಸುವ ‘ಎಂಡ್ ಡು’ ಮರೆತರೆ ಎಲ್‌ಫೋರ್ಟ್ರಾನ್ ಸುಮ್ನೆ ಕಾಯುತ್ತಾ ಕೂರುತ್ತದೆ, ಹಾಗಾಗಿ ಟೈಮ್‌ಔಟ್ ಬೇಕೇ ಬೇಕು. ದೊಡ್ಡ ಲೆಕ್ಕದ ಸಬ್‌ರುಟೀನ್‌ಗಳು ಮೊದಲಿನಂತೆ ಮಾಮೂಲಿ ಕಂಪೈಲರ್ ಜಿಫೋರ್ಟ್ರಾನ್‌ನಲ್ಲೇ ಇರಲಿ.

ಪ್ರಶ್ನೆ (ಶಿರಸಿಯಿಂದ): ನಾನು ಬದಲಿಸುವುದು ಬರೀ ಸಂಖ್ಯೆಗಳನ್ನು, ಸೂತ್ರವನ್ನಲ್ಲ. ನನಗೂ ಇದು ಬೇಕಾ?

ಉತ್ತರ: ಬೇಡ. ಫೋರ್ಟ್ರಾನ್‌ನಲ್ಲೇ ‘ನೇಮ್‌ಲಿಸ್ಟ್’ ಇದೆ. ಸಂಖ್ಯೆಗಳನ್ನು ಒಂದು ಟೆಕ್ಸ್ಟ್ ಫೈಲ್‌ನಲ್ಲಿಟ್ಟು ಓದಿಸಿ, ಸಾಕು.

ಪ್ರಶ್ನೆ (ಕುಮಟಾದಿಂದ): ಮೇಡಂ, ನೀವು ಹೇಳಿದಂತೆ ಮಾಡಿದೆ, ಓಡುತ್ತಿದೆ. ಆದರೆ ಬಾಕ್ಸ್‌ನಲ್ಲಿ ಬರೆದ ಸೂತ್ರಕ್ಕೂ ಹಳೇ ಕೋಡ್‌ಗೂ ಉಬ್ಬರದ ಹೊತ್ತಿನಲ್ಲಿ ಕೆಲವು ನಿಮಿಷ ವ್ಯತ್ಯಾಸ. ಗಂಟೆಗಳನ್ನು 1900ರ ಜನವರಿ 1ರಿಂದ ಎಣಿಸುತ್ತೇನೆ. ಎಲ್‌ಫೋರ್ಟ್ರಾನ್ ತಪ್ಪಾ?

ಉತ್ತರ: ಅದರ ತಪ್ಪಲ್ಲ. ಬಾಕ್ಸ್‌ನಲ್ಲಿ ನೀವು 28.984104 ಅಂತಷ್ಟೇ ಬರೆದಿರಬೇಕು. ಉಬ್ಬರವನ್ನು ಹಲವು ಅಲೆಗಳ (ಘಟಕಗಳ) ಮೊತ್ತವಾಗಿ ಲೆಕ್ಕ ಹಾಕುತ್ತಾರಲ್ಲ, ಅದರಲ್ಲಿ ಚಂದ್ರನ ಮುಖ್ಯ ಘಟಕ ಎಂ2ರ ವೇಗ ಅದು, ಗಂಟೆಗೆ ಇಷ್ಟು ಡಿಗ್ರಿ. ಫೋರ್ಟ್ರಾನ್ ಅದನ್ನು ಸಾಮಾನ್ಯವಾಗಿ 4 ಬೈಟ್‌ನ ‘ರಿಯಲ್’ (ಕಡಿಮೆ ನಿಖರತೆಯ ದಶಮಾಂಶ ಸಂಖ್ಯೆ) ಅಂತಲೇ ಹಿಡಿಯುತ್ತದೆ. 1900ರಿಂದ ಇವತ್ತಿಗೆ 11 ಲಕ್ಷ ಗಂಟೆ ಆಯಿತು. ಗುಣಿಸಿದರೆ 3 ಕೋಟಿ ಡಿಗ್ರಿ ದಾಟುತ್ತದೆ. ಅಷ್ಟು ದೊಡ್ಡ ಸಂಖ್ಯೆಯಲ್ಲಿ 4 ಬೈಟ್‌ನ ರಿಯಲ್ 2 ಡಿಗ್ರಿಯ ಹೆಜ್ಜೆಯಲ್ಲಷ್ಟೇ ಮುಂದೆ ಹೋಗಬಲ್ಲದು. ಎಂ2ಗೆ 2 ಡಿಗ್ರಿ ಅಂದರೆ ಸುಮಾರು 4 ನಿಮಿಷ.

ಸಂಖ್ಯೆಯ ಕೊನೆಗೆ ಡಿ ಅಕ್ಷರ ಮತ್ತು ಸೊನ್ನೆ ಸೇರಿಸಿ. ಗಂಟೆಯ ವೇರಿಯಬಲ್ ಕೂಡ ಡಬಲ್ ಪ್ರಿಸಿಷನ್ ಆಗಿರಲಿ. ಎಣಿಕೆಯನ್ನು ಈ ವರ್ಷದಿಂದ ಶುರು ಮಾಡೋಣ ಅನ್ನಿಸಿದರೆ, ಪ್ರತಿ ಘಟಕದ ಫೇಸ್ (ಶುರುವಿನ ಕೋನ) ಕೂಡ ಅದಕ್ಕೆ ತಕ್ಕಂತೆ ಬದಲಿಸಬೇಕು.