ಸೋದರಮಾವನ ಬೇಸ್ ಗಿಟಾರನ್ನು ಹಳೆಯ ವಾದ್ಯದಂತೆ ಕಾಣಿಸುವುದು ಹೇಗೆ?

ಕಡಲದಂಡೆ, ಕಾರವಾರ:

ಎಲ್ಲರಿಗೂ ನಮಸ್ಕಾರ. ನನ್ನ ಸೋದರಮಾವ 2011ರಲ್ಲಿ ಹುಬ್ಬಳ್ಳಿಯಲ್ಲಿ ಕೊಂಡು, ಕಾರವಾರದಿಂದ ಕುಮಟಾದವರೆಗಿನ ಆರ್ಕೆಸ್ಟ್ರಾಗಳಲ್ಲಿ ಹತ್ತು ವರ್ಷ ನುಡಿಸಿದ ನಾಲ್ಕು ತಂತಿಯ ಬೇಸ್ ಗಿಟಾರ್ ಈಗ ನನ್ನ ಕೈಗೆ ಬಂದಿದೆ. ಅಮೆರಿಕದ ಫೆಂಡರ್ ಕಂಪನಿಯ ಪ್ರಿಸಿಷನ್ ಬೇಸಿನ ರೂಪದಲ್ಲಿ ಮಾಡಿದ ಸಾಧಾರಣ ಬೆಲೆಯ ವಾದ್ಯ. ಅಂಚು ಕಪ್ಪಾಗಿ ನಡು ಹಳದಿಯಾಗಿರುವ ಸನ್‌ಬರ್ಸ್ಟ್ ಬಣ್ಣ. ನಮ್ಮ ಮನೆ ಬೈತಖೋಲದ ಬಂದರಿಗೆ ಹತ್ತಿರವಿರುವುದರಿಂದ ಉಪ್ಪುಗಾಳಿಗೆ ಬ್ರಿಡ್ಜಿನ (ಬಾಡಿಯ ಮೇಲೆ ತಂತಿಗಳು ಕೂರುವ ಲೋಹದ ಭಾಗ) ತಿರುಪುಗಳೆಲ್ಲ ತುಕ್ಕು ಹಿಡಿದಿವೆ, ಕ್ರೋಮಿನ ಮೇಲೆ ಸಣ್ಣ ಗುಳಿಗಳು ಎದ್ದಿವೆ. ಬಾಡಿ ಮಾತ್ರ ನಿನ್ನೆ ಅಂಗಡಿಯಿಂದ ತಂದಂತೆ ಥಳಥಳ ಹೊಳೆಯುತ್ತದೆ. ಹೆಬ್ಬೆರಳು ಊರುವ ಜಾಗದಲ್ಲಿ, ತಂತಿಯ ಕಂಪನ ಹಿಡಿಯುವ ಪಿಕಪ್ಪಿನ ಮೇಲ್ಬದಿಗೆ, ಬೆರಳಗಲದಷ್ಟು ಹೊಳಪು ಸವೆದಿರುವುದನ್ನು ಬಿಟ್ಟರೆ ಮಾವನ ಹತ್ತು ವರ್ಷದ ಗುರುತು ಅದರ ಮೇಲೆ ಕಾಣುವುದಿಲ್ಲ.

ಲೋಹಕ್ಕೂ ಮರಕ್ಕೂ ಇರುವ ಈ ವ್ಯತ್ಯಾಸ ನನ್ನ ಕಣ್ಣಿಗೆ ಒಗ್ಗುತ್ತಿಲ್ಲ. 1960ರ ದಶಕದ ಬೇಸುಗಳ ಮೇಲೆ ಕಾಣುವ ಸಣ್ಣ ಬಿರುಕುಗಳ ಜಾಲ, ಸವೆದ ಅಂಚು, ಮಾಸಿದ ಬಣ್ಣ ಇವುಗಳನ್ನು ಇದರ ಮೇಲೆ ತರಲು ಸಾಧ್ಯವೇ? ಉದ್ದನೆಯ ಹಿಡಿ, ಅಂದರೆ ನೆಕ್ ಕೂರುವ ಗುಂಡಿಯೊಳಗೆ, ಯಾರಿಗೂ ಕಾಣದ ಕಡೆ, ಅಸಿಟೋನ್ ಹಚ್ಚಿ ನೋಡಿದೆ. ಬಣ್ಣ ಕರಗಲಿಲ್ಲ, ಅಂಟಾಗಲೂ ಇಲ್ಲ. ನುಡಿಸುವುದಕ್ಕೆ ತೊಂದರೆಯಾಗದಂತೆ ಏನು ಮಾಡಬಹುದೆಂದು ತಿಳಿದವರು ದಯವಿಟ್ಟು ಹೇಳಬೇಕು.

ದುರಸ್ತಿ ಕೋಣೆ, ಹೊನ್ನಾವರ:

ನೀವು ಮೊದಲು ಅಸಿಟೋನ್ ಪರೀಕ್ಷೆ ಮಾಡಿದ್ದು ಒಳ್ಳೆಯದಾಯಿತು, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಕರಗಲಿಲ್ಲವೆಂದರೆ ನಿಮ್ಮ ಬೇಸಿನ ಮೇಲಿರುವುದು ಪಾಲಿಯೆಸ್ಟರ್ ಅಥವಾ ಪಾಲಿಯುರೆಥೇನ್ ಲೇಪ. 1950 ಮತ್ತು 60ರ ದಶಕದ ಫೆಂಡರ್, ಗಿಬ್ಸನ್ ವಾದ್ಯಗಳ ಮೇಲೆ ಹೆಚ್ಚಾಗಿ ಇದ್ದದ್ದು ನೈಟ್ರೋಸೆಲ್ಯುಲೋಸ್ ಲ್ಯಾಕರ್. ಅದು ತೆಳುವಾಗಿರುತ್ತದೆ, ವರ್ಷಗಳು ಕಳೆದಂತೆ ಹಳದಿಯಾಗುತ್ತದೆ, ಒಣಗುತ್ತ ಒಣಗುತ್ತ ಪೆಡಸಾಗುತ್ತದೆ. ಚಳಿಯಲ್ಲಿ ಮರವೂ ಲೇಪವೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುವಾಗ ಆ ಪೆಡಸು ಲೇಪ ತಾಳಲಾರದೆ ಸೀಳುತ್ತದೆ. ನೀವು ಹೇಳುವ ಬಿರುಕಿನ ಜಾಲ ಹುಟ್ಟುವುದು ಹೀಗೆ. ಫೆಂಡರ್ ಕಂಪನಿ 60ರ ದಶಕದ ಕೊನೆಗೆ ದಪ್ಪ ಪಾಲಿಯೆಸ್ಟರಿಗೆ ಬದಲಾದ ಮೇಲೆ ಬಂದ ವಾದ್ಯಗಳಲ್ಲಿ ಆ ರೀತಿಯ ಜಾಲ ಕಾಣುವುದು ಕಡಿಮೆ. ಪೆಟ್ಟು ಬಿದ್ದರೆ ಪಿಂಗಾಣಿ ಬಟ್ಟಲಿನ ಅಂಚಿನಂತೆ ಚಕ್ಕೆ ಏಳುತ್ತದೆ, ಅಷ್ಟೆ.

ಫ್ರೀಜರಿನಲ್ಲಿಟ್ಟು ತೆಗೆದು ಬಿಸಿಗಾಳಿ ಹಾಯಿಸಿದರೆ ಬಿರುಕು ಬರುತ್ತದೆ ಎಂದು ನೀವು ಎಲ್ಲಿಯಾದರೂ ಓದಿದ್ದರೆ, ಅದು ಲ್ಯಾಕರಿಗೆ ಸಲ್ಲುವ ಮಾತು. ಬೈತಖೋಲದಲ್ಲಿ ಮೀನಿನ ಮಂಜುಗಡ್ಡೆಗೆ ಕೊರತೆಯಿಲ್ಲವೆಂದು ದಯವಿಟ್ಟು ಅದನ್ನು ಪ್ರಯೋಗಿಸಬೇಡಿ. ಲೇಪಕ್ಕೆ ಏನೂ ಆಗದೆ, ತಣ್ಣನೆಯ ಬಾಡಿಯ ಮೇಲೆ ನಮ್ಮ ಕರಾವಳಿಯ ತೇವ ಹನಿಗಟ್ಟಿ ತಿರುಪಿನ ತೂತುಗಳಿಗೆ ಇಳಿಯುತ್ತದೆ. ನಿಮ್ಮ ಮುಂದಿರುವುದು ಎರಡೇ ದಾರಿ. ಇರುವ ಲೇಪವನ್ನು ಪೂರ್ತಿ ತೆಗೆದು ಲ್ಯಾಕರ್ ಹೊಡೆಯುವುದು ಒಂದು. ಇದ್ದದ್ದರ ಹೊಳಪನ್ನಷ್ಟೇ ಇಳಿಸಿ ತೃಪ್ತರಾಗುವುದು ಇನ್ನೊಂದು.

ಮರಗೆಲಸ, ಶಿರಸಿ:

ಮೇಲಿನವರು ಹೇಳಿದ ಮೊದಲ ದಾರಿಯ ಬಗ್ಗೆ ನನಗೆ ಗೊತ್ತಿರುವುದನ್ನು ಬರೆಯುತ್ತೇನೆ. ನಾನು ಪೀಠೋಪಕರಣದ ಕೆಲಸದವನು, ಜೊತೆಗೆ ಮೂರು ಗಿಟಾರುಗಳಿಗೆ ಹೊಸ ಲೇಪ ಕೊಟ್ಟಿದ್ದೇನೆ.

ಪಾಲಿಯೆಸ್ಟರನ್ನು ಉಜ್ಜಿ ತೆಗೆಯಲು ಹೋದರೆ ವಾರಗಟ್ಟಲೆ ಹಿಡಿಯುತ್ತದೆ, ಬಾಡಿಯ ಉರುಟು ಅಂಚುಗಳೂ ಕೆಡುತ್ತವೆ. ಹೀಟ್ ಗನ್ನಿನಿಂದ ಸ್ವಲ್ಪ ಸ್ವಲ್ಪವೇ ಬಿಸಿ ಮಾಡಿ, ಮೆತ್ತಗಾದ ಕೂಡಲೇ ಚಪ್ಪಟೆ ಅಲಗಿನಿಂದ ಎಬ್ಬಿಸಿದರೆ ಹಾಳೆಹಾಳೆಯಾಗಿ ಬರುತ್ತದೆ. ಒಂದೇ ಕಡೆ ಹಿಡಿದು ನಿಂತರೆ ಮರ ಕರಕಲಾಗುತ್ತದೆ. ಹೊಗೆ ಕೆಟ್ಟದ್ದು, ಆದ್ದರಿಂದ ಅಂಗಳದಲ್ಲಿ ಮಾಸ್ಕ್ ಕಟ್ಟಿಕೊಂಡು ಮಾಡಬೇಕು. ಆಮೇಲೆ ಹೊಡೆಯುವ ನೈಟ್ರೋಸೆಲ್ಯುಲೋಸ್ ಲ್ಯಾಕರಿಗಾಗಿ ನೀವು ದೂರ ಹುಡುಕಬೇಕಾಗಿಲ್ಲ. ನಮ್ಮ ಬಡಗಿಗಳು ಬಾಗಿಲು, ಮಂಚಗಳಿಗೆ ಬಳಸುವ ಎನ್‌ಸಿ ಲ್ಯಾಕರ್ ಎಂದರೆ ಅದೇ ಜಾತಿಯದು, ಬಣ್ಣದಂಗಡಿಯಲ್ಲಿ ಸಿಗುತ್ತದೆ. ಆದರೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಮುಟ್ಟಲೇಬೇಡಿ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಮಳೆಗಾಲದ ಗಾಳಿಯ ತೇವ ಅಲ್ಲಿ ಕೂತು ಲೇಪದೊಳಗೆ ಸಿಕ್ಕಿಬೀಳುತ್ತದೆ, ಇಡೀ ಬಾಡಿ ಹಾಲು ಚೆಲ್ಲಿದಂತೆ ಬಿಳಿಚಿಕೊಳ್ಳುತ್ತದೆ. ಘಟ್ಟದ ಮೇಲೆ ನಮಗೇ ಆ ತೊಂದರೆಯಿದೆ, ನಿಮ್ಮ ಕಾರವಾರದಲ್ಲಿ ಕೇಳುವುದೇ ಬೇಡ. ಡಿಸೆಂಬರ್, ಜನವರಿಯ ಒಣ ಬಿಸಿಲಿನಲ್ಲಿ ತೆಳುವಾಗಿ ಹೊಡೆದು, ತಿಂಗಳುಗಟ್ಟಲೆ ಹಾಗೆಯೇ ಒಣಗಲು ಬಿಟ್ಟ ಮೇಲೆ ಬಿರುಕಿನ ವಿಚಾರ.

ಇನ್ನು ಸವೆತ. ನಮ್ಮ ಹಳೆಯ ಮನೆಗಳಲ್ಲಿ ಹೊಸ್ತಿಲು ನಡುವೆ ಮಾತ್ರ ತಗ್ಗಾಗಿರುತ್ತದೆ, ಜಗುಲಿಯ ಕಂಬ ಕೂತವರ ಬೆನ್ನು ತಾಗುವ ಎತ್ತರದಲ್ಲಿ ಮಾತ್ರ ನುಣುಪಾಗಿರುತ್ತದೆ, ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮಣೆ ಕಾಲು ಒತ್ತುವಲ್ಲಿ ಮಾತ್ರ ಕಪ್ಪಾಗಿ ಹೊಳೆಯುತ್ತದೆ. ಗಿಟಾರಿನಲ್ಲಿಯೂ ಹಾಗೆಯೇ: ಮುಂಗೈ ಒರಗುವ ಮೇಲಂಚು, ಬೆಲ್ಟಿನ ಬಕ್ಕಲ್ ತಾಗುವ ಹಿಂಬದಿ, ಹೆಬ್ಬೆರಳು ಊರುವ ಜಾಗ, ನೆಕ್ಕಿನ ಹಿಂಬದಿ. ಕೃತಕವಾಗಿ ಹಳತು ಮಾಡಿದವುಗಳಲ್ಲಿ ನಾನು ಕಂಡ ದೊಡ್ಡ ತಪ್ಪೆಂದರೆ ಕೈ ಎಂದೂ ತಾಗದ ಕಡೆ ಸ್ಯಾಂಡ್ ಪೇಪರಿನಿಂದ ಉಜ್ಜಿ ಬಣ್ಣ ಹಾರಿಸಿರುವುದು. ಎರಡನೆಯ ತಪ್ಪು, ಹೊರಬಂದ ಮರವನ್ನು ಆಗಷ್ಟೇ ತೋಪಡ ಹೊಡೆದಂತೆ ಬೆಳ್ಳಗೆ ಬಿಡುವುದು. ಬೆವರು, ಧೂಳು, ಕೈಯ ಜಿಡ್ಡು ಹೀರಿದ ಮರ ಬೂದುಗಂದಾಗಿರುತ್ತದೆ. ಅದೂ ಒಂದೇ ಸಮನಾಗಿ ಅಲ್ಲ, ಏಕೆಂದರೆ ಎಲ್ಲ ಪೆಟ್ಟೂ ಒಂದೇ ವರ್ಷ ಬಿದ್ದದ್ದಲ್ಲ. ಹಳೆಯ ಗಾಯದೊಳಗೆ ಮಣ್ಣು ಕೂತಿರುತ್ತದೆ, ಹೊಸದರ ಅಂಚು ಇನ್ನೂ ಚೂಪಾಗಿರುತ್ತದೆ. ಇದನ್ನು ಮಾಡುವವರು ಒಂದೇ ದಿನ ಕೂತು ಮುಗಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಾಲ್ಕು ತಂತಿ, ಅಂಕೋಲಾ:

ಶಿರಸಿಯವರು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಆದರೂ ಕಾರವಾರದವರು ಆ ದಾರಿ ಹಿಡಿಯುವುದು ನನಗೆ ಸರಿಕಾಣುತ್ತಿಲ್ಲ, ಕಾರಣವನ್ನು ಕೊನೆಗೆ ಹೇಳುತ್ತೇನೆ. ನಾನು ಹದಿನಾಲ್ಕು ವರ್ಷದಿಂದ ಬೇಸ್ ನುಡಿಸುತ್ತಿರುವವಳು.

ಮೊದಲು ಲೋಹದ ಮಾತು. ಹೊಸ ಲೋಹವನ್ನು ಮಾಸಲು ಮಾಡಲು ಆಸಿಡ್ಡಿನ ಆವಿ ಹಿಡಿಸುವವರಿದ್ದಾರೆ. ನಿಮಗೆ ಅದರ ಅಗತ್ಯವೇ ಇಲ್ಲ, ಸಮುದ್ರ ಆ ಕೆಲಸವನ್ನು ಮುಗಿಸಿದೆ. ನೀವು ಈಗ ಮಾಡಬೇಕಾದದ್ದು ತುಕ್ಕನ್ನು ಅಲ್ಲಿಗೇ ನಿಲ್ಲಿಸುವುದು. ಬ್ರಿಡ್ಜಿನ ತಿರುಪುಗಳು ತಿರುಗದೆ ಹೋದರೆ ತಂತಿಯ ಎತ್ತರವನ್ನೂ ಶ್ರುತಿಯನ್ನೂ ಸರಿಪಡಿಸಲಾಗುವುದಿಲ್ಲ. ಒಂದೊಂದನ್ನೇ ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದು ಹನಿ ಹಾಕಿ ಮರಳಿ ಕೂರಿಸಿ. ಮಾಸಿದ ಬಣ್ಣ ಉಳಿಯುತ್ತದೆ, ಕೆಲಸವೂ ನಡೆಯುತ್ತದೆ. ಬಾಡಿಯನ್ನು ಸ್ಟೀಲ್ ವುಲ್ಲಿನಿಂದ ಉಜ್ಜುವುದಾದರೆ ಅದಕ್ಕೆ ಮೊದಲು ಪಿಕಪ್ ಬಿಚ್ಚಿ ಬೇರೆ ಕೋಣೆಯಲ್ಲಿಡಿ. ಕಣ್ಣಿಗೆ ಕಾಣದ ಕಬ್ಬಿಣದ ಎಳೆಗಳು ಅದರ ಅಯಸ್ಕಾಂತಕ್ಕೆ ಅಂಟಿದರೆ ತೆಗೆಯುವುದು ಬಹಳ ಕಷ್ಟ. ನನ್ನ ಒಂದು ಪಿಕಪ್ ಹಾಗೆಯೇ ಹಾಳಾಯಿತು.

ಪ್ರಿಸಿಷನ್ ಬೇಸಿಗೇ ಸಂಬಂಧಿಸಿದ ಒಂದು ವಿಷಯವಿದೆ. 60ರ ದಶಕದಲ್ಲಿ ಅವು ಪಿಕಪ್ಪಿಗೂ ಬ್ರಿಡ್ಜಿಗೂ ಲೋಹದ ಮುಚ್ಚಳಗಳೊಂದಿಗೆ ಬರುತ್ತಿದ್ದವು. ಬೆರಳು ಹಿಡಿಯುವ ಸಣ್ಣ ಪಟ್ಟಿ ತೆಳು ತಂತಿಯ ಕಡೆಗಿತ್ತು, ಏಕೆಂದರೆ ಹೆಬ್ಬೆರಳಿನಿಂದ ಮೀಟುವುದನ್ನು ಎಣಿಸಿ ಅದನ್ನು ಹಾಗೆ ಇಟ್ಟಿದ್ದರು. ಮುಚ್ಚಳ ಉಳಿಸಿಕೊಂಡು ನುಡಿಸಿದವರ ವಾದ್ಯದಲ್ಲಿ ಅದರ ಕೆಳಗಿನ ಬಣ್ಣ ಮಾಸಿರುವುದಿಲ್ಲ, ತೆಗೆದು ನುಡಿಸಿದವರದರಲ್ಲಿ ಸವೆತ ಬೇರೆ ಕಡೆ ಇರುತ್ತದೆ. ಆದ್ದರಿಂದ 1960ರ ದಶಕದ ಬೇಸ್ ಎಂದರೆ ಇಂಥದ್ದೇ ಒಂದು ರೂಪ ಎಂದಿಲ್ಲ. ಅಮೆರಿಕದ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ಅವರ 1962ರ ಜಾಝ್ ಬೇಸನ್ನೇ (ಫೆಂಡರಿನದೇ ಇನ್ನೊಂದು ಮಾದರಿ) ನೋಡಿ: ಫ್ರೆಟ್ ಎಂಬ ಲೋಹದ ಅಡ್ಡಪಟ್ಟಿಗಳನ್ನು ಕಿತ್ತ ಬೆರಳುಪಟ್ಟಿಯನ್ನು ತಂತಿ ಕೊರೆಯದಿರಲೆಂದು ಅವರು ಅದಕ್ಕೆ ದೋಣಿಗೆ ಬಳಿಯುವ ಎಪಾಕ್ಸಿಯನ್ನು ಬಳಿದರು. ಆ ವಾದ್ಯದ ಮೇಲಿನ ಗುರುತುಗಳೆಲ್ಲ ಒಬ್ಬರ ಕೈಯ, ಒಬ್ಬರ ಅಗತ್ಯದ ಗುರುತುಗಳು.

ಇದೇ ನನ್ನ ಕಾರಣ. ನಿಮ್ಮ ಮಾವನ ಹೆಬ್ಬೆರಳು ಹತ್ತು ವರ್ಷದಲ್ಲಿ ಸವೆಸಿದ ಜಾಗ ಅಷ್ಟು ಗಟ್ಟಿ ಲೇಪದ ಮೇಲೆಯೂ ಮೂಡಿದೆ ಎಂದು ನೀವೇ ಬರೆದಿದ್ದೀರಿ. ಹೀಟ್ ಗನ್ ಹಿಡಿದರೆ ಮೊದಲ ನಿಮಿಷದಲ್ಲಿ ಹೋಗುವುದು ಅದೇ. ಫೆಂಡರ್ ಕಂಪನಿಯ ಕಸ್ಟಮ್ ಶಾಪ್ 1995ರಿಂದ ಸವೆದ ರೂಪದ ಗಿಟಾರುಗಳನ್ನು ಮಾರುತ್ತಿದೆ, ಕೊಳ್ಳುವವರ ಮೇಲೆ ನನಗೆ ಆಕ್ಷೇಪವಿಲ್ಲ. ಆದರೆ ನಿಜವಾದ ಗುರುತನ್ನು ಅಳಿಸಿ ಮಾಡಿದ ಗುರುತನ್ನು ಹಾಕುವುದು ನನ್ನಿಂದಂತೂ ಆಗದು.

ಕಡಲದಂಡೆ, ಕಾರವಾರ:

ಮೂವರಿಗೂ ಮನಸಾರೆ ಕೃತಜ್ಞತೆಗಳು. ನಿನ್ನೆ ರಾತ್ರಿ ಅಂಕೋಲಾದವರ ಉತ್ತರ ಓದಿ, ಬೇಸನ್ನು ಕಿಟಕಿಯ ಬಳಿ ಓರೆಯಾಗಿ ಹಿಡಿದು ಮತ್ತೆ ನೋಡಿದೆ. ಹೆಬ್ಬೆರಳಿನ ಜಾಗವಷ್ಟೇ ಅಲ್ಲ, ಮೇಲಂಚಿನಲ್ಲಿ ಮುಂಗೈ ಒರಗುವಲ್ಲಿಯೂ ಹೊಳಪು ಮಂಕಾಗಿದೆ, ಹಿಂಬದಿಯಲ್ಲಿ ಬಕ್ಕಲಿನ ಗೀರುಗಳಿವೆ. ಎದುರು ಬೆಳಕಿನಲ್ಲಿ ಮಾತ್ರ ಕಾಣುವುದರಿಂದ ಇಷ್ಟು ದಿನ ನನ್ನ ಗಮನಕ್ಕೆ ಬಂದಿರಲಿಲ್ಲ. ಲೇಪ ತೆಗೆಯುವ ಯೋಚನೆಯನ್ನು ಬಿಟ್ಟಿದ್ದೇನೆ. ಸುತ್ತಲಿನ ಹೊಳಪನ್ನು ಸ್ವಲ್ಪ ಇಳಿಸಿ, ಮಾವನ ಗುರುತುಗಳನ್ನು ಹಾಗೆಯೇ ಬಿಡಬೇಕೆಂದಿದ್ದೇನೆ. ನೆಕ್ಕಿನ ಹಿಂಬದಿ ಬೆವರಿನ ಕೈಗೆ ಅಂಟುತ್ತದೆ, ಅದನ್ನೂ ಸರಿಪಡಿಸಬೇಕು. ಯಾವುದರಿಂದ ಉಜ್ಜಲಿ?

ದುರಸ್ತಿ ಕೋಣೆ, ಹೊನ್ನಾವರ:

ಎರಡಕ್ಕೂ ನಾಲ್ಕು ಸೊನ್ನೆಯ (0000, ಅತಿ ನಯವಾದ ದರ್ಜೆಯ) ಸ್ಟೀಲ್ ವುಲ್ ಸಾಕು. ಅಡುಗೆಮನೆಯ ಹಸಿರು ಪ್ಯಾಡ್ ಬೇಡ, ಅದು ಒರಟು. ಪಿಕಪ್ ಬಿಚ್ಚಿದ ಮೇಲೆ ಮಾವನ ಗುರುತಿರುವ ಮೂರು ಜಾಗಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಹಗುರವಾಗಿ ಎಳೆಯಿರಿ, ಹತ್ತು ಸಲಕ್ಕೊಮ್ಮೆ ಒರೆಸಿ ನೋಡಿ. ಟೇಪಿನ ಅಂಚು ಗೆರೆಯಾಗಿ ಉಳಿಯದಂತೆ ಕೊನೆಗೆ ಅದನ್ನು ತೆಗೆದು, ಸುತ್ತಲೂ ಒಂದೆರಡು ಸಲ ಬರಿಯ ಒಣ ಬಟ್ಟೆಯಿಂದ ಉಜ್ಜಿ. ನೆಕ್ಕಿನ ಹಿಂಬದಿಗೆ ಟೇಪ್ ಬೇಡ. ಬಾಡಿಗೆ ಸೇರುವ ಹಿಮ್ಮಡಿಯ ಕಡೆಯಿಂದ ತಲೆಯವರೆಗೆ ಪೂರ್ತಿ ಉಜ್ಜಬಹುದು.