ಟಾಂಗಾ ಕುದುರೆಗೆ ಕಡಿಮೆ ಖರ್ಚಿನ ಖನಿಜ ಮಿಶ್ರಣ ಯಾವುದು?

ಪ್ರಶ್ನೆ:
ಮೈಸೂರಿನಲ್ಲಿ ಟಾಂಗಾ ಓಡಿಸುವ ನಮ್ಮ ಮನೆಯಲ್ಲಿ ಸುಮಾರು 300 ಕೆ.ಜಿ. ತೂಕದ, ಒಂಬತ್ತು ವರ್ಷದ ಹೆಣ್ಣು ಕುದುರೆಯಿದೆ. ದಿನಕ್ಕೆ ಎರಡು ಕೆ.ಜಿ. ಗೋಧಿ ಬೂಸಾ, ಒಂದು ಕೆ.ಜಿ. ಹುರುಳಿ, ಮೇಲೆ ಒಣಹುಲ್ಲು ಕೊಡುತ್ತೇವೆ. ಹಸಿ ಹುಲ್ಲು ಮಳೆಗಾಲದಲ್ಲಷ್ಟೇ ಸಿಗುತ್ತದೆ. ಕೆಲವು ತಿಂಗಳುಗಳಿಂದ ಮೈಯ ಹೊಳಪು ಕುಂದಿದೆ, ಗೊರಸಿನ ಅಂಚು ಸೀಳುತ್ತಿರುವುದರಿಂದ ಲಾಳದ ಮೊಳೆ ನಿಲ್ಲುತ್ತಿಲ್ಲ. ಕುದುರೆಗೆಂದೇ ಬರುವ ವಿದೇಶಿ ಡಬ್ಬಿಗಳು ನಮಗೆ ಎಟಕುವುದಿಲ್ಲ. ಹಸುವಿನ ಖನಿಜ ಮಿಶ್ರಣವನ್ನೇ ಕೊಡಬಹುದೇ? ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ (ನಿವೃತ್ತ ಪಶುವೈದ್ಯರು):
ಡಬ್ಬಿಗಿಂತ ಮೊದಲು ಬೂಸಾದ ಕಡೆ ನೋಡಿ. ನೀವು ಕೊಡುವ ಎರಡು ಕೆ.ಜಿ.ಯಲ್ಲಿ ರಂಜಕ 20 ಗ್ರಾಂ ಆಸುಪಾಸಿನಲ್ಲಿದ್ದರೆ, ಕ್ಯಾಲ್ಸಿಯಂ 3 ಗ್ರಾಂ ಕೂಡ ಇರುವುದು ಕಷ್ಟ. ಕುದುರೆಯ ಒಟ್ಟು ಆಹಾರದಲ್ಲಿ ಕ್ಯಾಲ್ಸಿಯಂ ಎಂದಿಗೂ ರಂಜಕಕ್ಕಿಂತ ಕಡಿಮೆಯಾಗಬಾರದು. ಕಡಿಮೆಯಾದರೆ ದೇಹವು ಅದನ್ನು ಮೂಳೆಯಿಂದಲೇ ಸೆಳೆದುಕೊಳ್ಳುತ್ತದೆ, ಕುಂಟು ಬರುತ್ತದೆ, ಮುಖದ ಮೂಳೆ ದಪ್ಪಗಾಗುತ್ತದೆ. ಗಿರಣಿಯವರ ಕುದುರೆಗಳು ಬೂಸಾ ತಿಂದೇ ಬದುಕುತ್ತಿದ್ದುದರಿಂದ ಯುರೋಪಿನಲ್ಲಿ ಹಿಂದೆ ಇದಕ್ಕೆ ಗಿರಣಿಯವರ ರೋಗವೆಂದೇ ಹೆಸರಿತ್ತು. ಆದ್ದರಿಂದ ಬೂಸಾವನ್ನು ಕ್ರಮೇಣ ಒಂದು ಕೆ.ಜಿ.ಗೆ ಇಳಿಸಿ, ಪಶು ಆಹಾರಕ್ಕೆಂದು ಮಾರುವ ಸುಣ್ಣದಕಲ್ಲಿನ ಪುಡಿಯನ್ನು ದಿನಕ್ಕೆ 30 ಗ್ರಾಂ ಬೆರೆಸಿ. ಅದರಿಂದ ಸುಮಾರು 11 ಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ, ಖರ್ಚು ಬಹಳ ಕಡಿಮೆ. ಎಲೆ ಅಡಿಕೆಗೆ ಬಳಸುವ ಸುಣ್ಣವನ್ನು ಮಾತ್ರ ಖಂಡಿತ ಹಾಕಬೇಡಿ, ಅದು ಬಾಯಿ ಮತ್ತು ಕರುಳನ್ನು ಸುಡುತ್ತದೆ. ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು) ಸಿಕ್ಕರೆ ಎರಡು ಕೆ.ಜಿ. ಕೊಡಿ, ಅದರಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ.

ಹಸುವಿನ ಮಿಶ್ರಣಗಳಲ್ಲಿ ಸಾಮಾನ್ಯವಾಗಿ ರಂಜಕವನ್ನೂ ಸೇರಿಸಿರುತ್ತಾರೆ, ನಿಮ್ಮ ಕುದುರೆಗೆ ಈಗ ಬೇಡವಾದದ್ದೇ ಅದು. ಚೀಟಿಯಲ್ಲಿ ಮೊನೆನ್ಸಿನ್ (ದನದ ಆಹಾರಕ್ಕೆ ಬೆರೆಸುವ ಒಂದು ಔಷಧ) ಎಂಬ ಹೆಸರಿದ್ದರಂತೂ ಆ ಚೀಲವನ್ನು ಲಾಯದ ಹತ್ತಿರವೂ ತರಬೇಡಿ. ಹಸು ತಾಳಿಕೊಳ್ಳುವ ಪ್ರಮಾಣವೇ ಕುದುರೆಯ ಹೃದಯವನ್ನು ಕೆಡಿಸಿ ಕೊಲ್ಲಬಲ್ಲದು.

ಉತ್ತರ (ಬೆಂಗಳೂರಿನ ಸವಾರಿ ಶಾಲೆಯೊಂದರ ಲಾಯದ ಮೇಲ್ವಿಚಾರಕರು):
ವೈದ್ಯರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ಬಿ ಮತ್ತು ಸಿ ಜೀವಸತ್ವಗಳು ಆರೋಗ್ಯವಂತ ಕುದುರೆಯ ದೇಹದಲ್ಲೇ ಉತ್ಪತ್ತಿಯಾಗುವುದರಿಂದ ಅವುಗಳ ಟಾನಿಕ್‌ಗೆ ಹಣ ಸುರಿಯಬೇಡಿ. ಒಣಹುಲ್ಲಿನಲ್ಲಿ ನಶಿಸಿಹೋಗುವುದು ಎ ಮತ್ತು ಇ. ಬೇಸಿಗೆಯಲ್ಲಿ ಕೊರತೆಯಾಗುವುದೂ ಇವೇ. ಮಿಶ್ರಣ ಕೊಳ್ಳುವಾಗ ಡಬ್ಬಿಯ ಬೆಲೆಯನ್ನಲ್ಲ, ದಿನದ ಪ್ರಮಾಣಕ್ಕೆ ಬೀಳುವ ಬೆಲೆಯನ್ನು ಲೆಕ್ಕ ಹಾಕಿ, ಸತು ಮತ್ತು ತಾಮ್ರ ಎಷ್ಟಿವೆಯೆಂದು ಓದಿ. ಜೊತೆಗೆ ದಿನಕ್ಕೆ 25 ಗ್ರಾಂ ಅಡುಗೆ ಉಪ್ಪು ಕೊಡಿ, ಬಿಸಿಲಿನಲ್ಲಿ ಗಾಡಿ ಎಳೆದು ಬೆವರಿದ ದಿನ ಇನ್ನೂ ಸ್ವಲ್ಪ ಹೆಚ್ಚು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಗೊರಸಿಗಾಗಿ ಬಯೋಟಿನ್ ಪುಡಿಯನ್ನೂ ಈ ಮಿಶ್ರಣದ ಜೊತೆ ಕೊಡಬಹುದೇ?

ಉತ್ತರ (ನಿವೃತ್ತ ಪಶುವೈದ್ಯರು):
ಕೊಡಬಹುದು, ಆದರೆ ಎರಡರಲ್ಲೂ ಸೆಲೆನಿಯಂ ಎಂಬ ಖನಿಜ ಇದೆಯೇ ಎಂದು ಮೊದಲು ನೋಡಿ. ನಿಮ್ಮ ಕುದುರೆಗೆ ಇಡೀ ದಿನಕ್ಕೆ ಒಂದು ಮಿಲಿಗ್ರಾಂಗಿಂತಲೂ ಕಡಿಮೆ ಸಾಕು. ಮಿತಿಮೀರಿದರೆ ಬಾಲದ ಕೂದಲು ಉದುರಿ ಗೊರಸು ಇನ್ನಷ್ಟು ಸೀಳುತ್ತದೆ. ಹೊಸ ಗೊರಸು ಮೇಲಿನಿಂದ ನೆಲದವರೆಗೆ ಬೆಳೆದು ಬರಲು ಒಂಬತ್ತರಿಂದ ಹನ್ನೆರಡು ತಿಂಗಳು ಹಿಡಿಯುವುದರಿಂದ, ತಿಂಗಳೊಪ್ಪತ್ತಿನಲ್ಲಿ ಗುಣ ಕಾಣಲಿಲ್ಲವೆಂದು ಪ್ರಮಾಣವನ್ನು ಏರಿಸಬೇಡಿ.